ಎರಡೆರಡು ನಲವತ್ತೊಂದನೇ ಸಾಲು

ನಮ್ಮ ಭಾವನ ಬಗ್ಗೆ ನಾನು ಕೆಟ್ಟದ್ದು ಹೇಳುವವನಲ್ಲ. ಅದಕ್ಕೆ ನಮ್ಮ ಅಕ್ಕ ಇದ್ದಾಳೆ. ಇಪ್ಪತ್ತಮೂರು ವರ್ಷದಿಂದ ಆ ಕೆಲಸವನ್ನು ಒಂದು ದಿನವೂ ರಜೆ ಹಾಕದೆ ಮಾಡಿಕೊಂಡು ಬಂದಿದ್ದಾಳೆ. ನಾನು ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವನು. ಬಂದದ್ದನ್ನು ಬಂದ ಹಾಗೆ ಮುಂದಕ್ಕೆ ದಾಟಿಸುವುದಷ್ಟೇ ನನಗೆ ಗೊತ್ತು. ಇದನ್ನೂ ಹಾಗೇ ದಾಟಿಸುತ್ತಿದ್ದೇನೆ.

ಭಾವನದು ಕುರ್ಚಿ, ಸೋಫಾಗಳಿಗೆ ಹೊದಿಕೆ ಹೊಲಿಯುವ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾರ ಮನೆಗೆ ಹೋದರೂ ಅವರು ಮೊದಲು ಮಾತಾಡಿಸುವುದು ಮನುಷ್ಯರನ್ನಲ್ಲ, ಕುರ್ಚಿಯನ್ನು. ಅದರ ಕೈ ಹಿಚುಕಿ, ಬೆನ್ನು ತಟ್ಟಿ, ಕೆಳಗೆ ಬಗ್ಗಿ ನೋಡಿ, "ಯಾರ್ರೀ ಇದನ್ನ ಹೊಲಿದಿದ್ದು, ಪಾಪ" ಅಂದ ಮೇಲೆಯೇ ಮನೆಯವರ ಆರೋಗ್ಯ ವಿಚಾರಿಸುವುದು. ನನಗೆ ಹೆಣ್ಣು ನೋಡಲು ಹೋದಾಗಲೂ ಹೀಗೇ ಮಾಡಿದರು. ಆ ಸಂಬಂಧ ಕೂಡಿಬರಲಿಲ್ಲ, ಆದರೆ ಅವರ ಮನೆಯ ಆರು ಕುರ್ಚಿಗಳು ನಮ್ಮ ಭಾವನ ಅಂಗಡಿಗೆ ಬಂದವು.

ಹೀಗಿರುವಾಗ ಎರಡು ವರ್ಷದ ಹಿಂದೆ ನಗರದಲ್ಲಿ ಒಂದು ಭಾರಿ ಸಂಗೀತ ಸಭಾಂಗಣ ಎದ್ದಿತು. ಅದರ ಕುರ್ಚಿಗಳ ಹೊದಿಕೆ ಹೊಲಿಯುವ ಕೆಲಸ ಗುತ್ತಿಗೆದಾರನೊಬ್ಬನ ಮೂಲಕ ಭಾವನಿಗೆ ಬಂತು. ಐವತ್ತಾರು ಸಾಲು, ಸಾಲಿಗೆ ಮೂವತ್ತಾರು ಕುರ್ಚಿ. ಐದು ತಿಂಗಳು ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಡು ಹಸಿರು ಬಟ್ಟೆಯ ಮೇಲೇ ಊಟ, ಅದರ ಮೇಲೇ ನಿದ್ದೆ. ಕೊನೆಗೆ ಲಾರಿ ಬಂದು ಎಲ್ಲವನ್ನೂ ಹೊತ್ತುಕೊಂಡು ಹೋಯಿತು.

ಅವತ್ತಿನಿಂದ ಭಾವ ಬೇರೆ ಮನುಷ್ಯರಾದರು. "ನಾನು ಹಾಲ್ ಮಾಡಿದಾಗ..." ಎಂದೇ ಅವರ ಮಾತು ಶುರುವಾಗುತ್ತಿತ್ತು. ಕುರ್ಚಿ ಅಲ್ಲ, ಹೊದಿಕೆ ಅಲ್ಲ, ಇಡೀ ಹಾಲ್! ಗೋಡೆ, ಛಾವಣಿ, ಕಂಬ ಎಲ್ಲ ಅವರೇ ಹೊಲಿದ ಹಾಗೆ.

"ಒಳಗೆ ಹೇಗಿದೆ?" ಎಂದು ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಕೇಳಿದರೆ, "ಅಯ್ಯೋ, ಅದು ನಂಗೆ ನಮ್ಮನೆ ಅಡುಗೆಮನೆ ಇದ್ದ ಹಾಗೆ ಸಾರ್" ಅನ್ನುತ್ತಿದ್ದರು.

"ಅಡುಗೆಮನೇಲಿ ಉಪ್ಪು ಎಲ್ಲಿದೆ ಅಂತ ಕೇಳಿ ನೋಡಿ ಮೇಷ್ಟ್ರೇ" ಎಂದು ಅಕ್ಕ ಒಳಗಿನಿಂದ ಕೂಗುತ್ತಿದ್ದಳು.

ನಿಜ ಹೇಳಬೇಕೆಂದರೆ ಭಾವ ಆ ಹಾಲಿನೊಳಗೆ ಒಂದು ಹೆಜ್ಜೆಯನ್ನೂ ಇಟ್ಟವರಲ್ಲ. ನಾನು ಒಮ್ಮೆ ಗುಟ್ಟಾಗಿ ಕೇಳಿದ್ದಕ್ಕೆ, "ನನ್ನ ಸೂಜಿ ಹೋದ ಕಡೆಯೆಲ್ಲ ನಾನು ಹೋದ ಹಾಗೇ ಅಲ್ವೇನೋ?" ಅಂದರು. 

ಇನ್ನು ನಮ್ಮ ಅಕ್ಕ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೌಂಟರಿನಲ್ಲಿ ಕೂರುವವಳು. "ಮುಂದಿನವರು ಬನ್ನೀ!" ಎಂದು ಅವಳು ಕೂಗಿದರೆ ಮೂರನೇ ಮಹಡಿಯ ರೋಗಿ ಕೂಡ ಎದ್ದು ಬರುತ್ತಾನೆ. ಹೋದ ವರ್ಷ ಆಸ್ಪತ್ರೆಯ ನೌಕರರೆಲ್ಲ ಸೇರಿ ಗಾಯನ ತಂಡ ಕಟ್ಟಿದಾಗ, ಕಲಿಸಲು ಬಂದ ಸಂಗೀತದ ಟೀಚರ್ ಈ ಕೂಗು ಕೇಳಿ ಅಲ್ಲೇ ನಿಂತುಬಿಟ್ಟರಂತೆ. ನೂರಿಪ್ಪತ್ತು ಜನರ ತಂಡ. ಮೊದಲ ಹಾಡಿನಲ್ಲಿ ಎಲ್ಲರೂ ಸುಮ್ಮನಾಗಿ, ಒಬ್ಬರೇ ಹಾಡಬೇಕಾದ ಒಂದು ಸಾಲಿತ್ತು. ನದಿಯ ದಡದಲ್ಲಿ ಕಾಯುವವಳ ಹಾಡು ಅದು. "ಕಾದಿರುವೆ ದಡದಲ್ಲಿ, ಒಮ್ಮೆ ಮುಖವ ತೋರು." ಆ ಸಾಲು ಅಕ್ಕನಿಗೆ ಬಂತು.

ಅಕ್ಕ ಎರಡು ತಿಂಗಳು ಅದೊಂದೇ ಸಾಲನ್ನು ಹಾಡಿದಳು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಬಸ್ಸಿಗೆ ಕಾಯುವಾಗ. ಮನೆಯಲ್ಲಿ ಹಾಡಿದರೆ ಮೈ ಜುಮ್ಮೆನ್ನುತ್ತಿತ್ತು. ಆದರೆ ತಂಡದ ಮುಂದೆ ನಿಂತಳೋ, ಗಂಟಲು ಕಟ್ಟಿಕೊಂಡುಬಿಡುತ್ತಿತ್ತು. ಕೌಂಟರಿನ ಗಾಜಿನ ಹಿಂದೆ ಕೂತು ಕೂಗಿದವಳಿಗೆ ಗಾಜಿಲ್ಲದೆ ನಿಂತಾಗ ಭಯ. ಟೀಚರ್ ಒಂದು ಉಪಾಯ ಹೇಳಿದರು, "ಜನರನ್ನ ನೋಡ್ಬೇಡಿ. ನಿಮ್ಮವರು ಯಾರಾದ್ರೂ ಒಬ್ಬರ ಮುಖ ನೋಡಿಕೊಂಡು ಹಾಡಿ." ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಿದರು. ಕಾರ್ಯಕ್ರಮದ ದಿನ ಅಕ್ಕನ ಗಂಟಲು ಕಟ್ಟಿದರೆ ಕಣ್ಣಿನ ವಿಭಾಗದ ನರ್ಸ್ ಆ ಸಾಲನ್ನು ಎತ್ತಿಕೊಳ್ಳಬೇಕು. ಆ ನರ್ಸ್ ಎರಡು ತಿಂಗಳಿಂದ ಅಕ್ಕನ ಪಕ್ಕದಲ್ಲೇ ಬಾಯಿ ಅರ್ಧ ತೆರೆದುಕೊಂಡು ನಿಂತಿದ್ದಳು.

ಕಾರ್ಯಕ್ರಮ ಇದೇ ಸಂಗೀತ ಸಭಾಂಗಣದಲ್ಲಿ ಎಂದು ಗೊತ್ತಾದಾಗ ಭಾವ ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದರು. ಹಾಡುವವರ ಮನೆಗೆ ಎರಡೆರಡು ಟಿಕೆಟ್. ನಮ್ಮದು ನಲವತ್ತೊಂದನೇ ಸಾಲು, ಇಪ್ಪತ್ತು ಮತ್ತು ಇಪ್ಪತ್ತೊಂದನೇ ಕುರ್ಚಿ; ಒಂದು ಭಾವನಿಗೆ, ಒಂದು ನನಗೆ. ಹೆಡ್‌ಮೇಷ್ಟ್ರು ಸ್ವಂತವಾಗಿ ಟಿಕೆಟ್ ತೆಗೆದುಕೊಂಡರು. "ಮಾಡಿದವರ ಜೊತೆಗೇ ಹೋಗಿ ನೋಡೋ ಭಾಗ್ಯ ಯಾರಿಗುಂಟು" ಅಂದರು.

ಹಿಂದಿನ ದಿನ ಅಕ್ಕ ಹಾಲಿನಲ್ಲೇ ನಡೆದ ಅಭ್ಯಾಸ ಮುಗಿಸಿ ಹಾರಿಕೊಂಡೇ ಮನೆಗೆ ಬಂದಳು.

"ರೀ! ನಲವತ್ತೊಂದನೇ ಸಾಲು ಅಂದ್ರೆ ಎಲ್ಲೋ ಹಿಂದೆ ಅಂದ್ಕೊಂಡು ನಾನು ಅಳೋದೊಂದು ಬಾಕಿ. ಎಷ್ಟು ಮುಂದಿದೆ ಗೊತ್ತಾ! ನಾನು ನಿಂತ ಕಡೆಯಿಂದ ಸೀದಾ ಎದುರಿಗೆ. ಕೆಳಗಿಳಿದು ಹೋಗಿ ಇಪ್ಪತ್ತನೇ ಕುರ್ಚಿ ಮುಟ್ಟಿ ಬಂದೆ. ನೀವು ಹೊಲಿದ ನಂಬರು, ಕಣ್ಣಾರೆ ನೋಡಿದೆ. ನಾಳೆ ನೀವು ಅಲ್ಲಿ ಕೂತಿರ್ಬೇಕು ಅಷ್ಟೇ. ನಾನು ಅಲ್ಲಿ ಬಿಟ್ಟು ಬೇರೆ ಎಲ್ಲೂ ನೋಡಲ್ಲ."

ಭಾವನ ಮುಖ ಬಿಳಿಚಿಕೊಂಡಿತು. "ಇಲ್ಲ ಕಣೇ... ಒಂದು ವೇಳೆ ಹಿಂದೆ ಇದ್ರೂ ಇರಬಹುದು..."

"ನಾನು ಮುಟ್ಟಿ ಬಂದಿದೀನಿ ಅಂತೀನಿ!"

"ಹಾಗಾದ್ರೆ ಸರಿ" ಎಂದು ಭಾವ ಎದ್ದು ಅಂಗಡಿಗೆ ಹೋದರು. ಹೋಗುವಾಗ ನನ್ನ ತೋಳು ಹಿಡಿದು ಎಳೆದುಕೊಂಡು ಹೋದರು. ಬಾಗಿಲು ಹಾಕಿ, ಚಿಲಕ ಇಕ್ಕಿ, ಹೊಲಿಗೆ ಯಂತ್ರದ ಮೇಲೆ ಕೈಯೂರಿ ನಿಂತು, "ಲೋ, ಕೆಟ್ಟೆ ಕಣೋ" ಅಂದರು.

"ಏನಾಯ್ತು ಭಾವ?"

"ಆ ಹಾಲಲ್ಲಿ ನಲವತ್ತೊಂದನೇ ಸಾಲು ಎರಡಿವೆ."

ಆಮೇಲೆ ಬಿಡಿಸಿ ಹೇಳಿದರು. ಕುರ್ಚಿಯ ಸಂಖ್ಯೆ ಹಿತ್ತಾಳೆ ಬಿಲ್ಲೆಯದು, ಅದು ಬೇರೆಯವರ ಕೆಲಸ. ಸಾಲಿನ ಸಂಖ್ಯೆ ಮಾತ್ರ ಬಟ್ಟೆಯದು. ಅಂಕಿಗಳನ್ನು ಕತ್ತರಿಸಿ, ಕುರ್ಚಿಯ ಬೆನ್ನಿಗೆ ಬರುವ ಬಟ್ಟೆಯ ಪಟ್ಟಿಯನ್ನು ಬೋರಲು ಹಾಕಿ, ಹಿಂಬದಿಯಿಂದ ಹೊಲಿಯಬೇಕು. ಹಾಗಾಗಿ ಎಡಕ್ಕೆ ಬರಬೇಕಾದ ಅಂಕಿಯನ್ನು ಬಲಕ್ಕೆ ಇಡಬೇಕು. ಸೀದಾ ಇಟ್ಟರೆ ಹದಿನಾಲ್ಕು ಹೋಗಿ ನಲವತ್ತೊಂದು ಆಗುತ್ತದೆ. ಹದಿನಾಲ್ಕನೇ ಸಾಲಿನ ಮೂವತ್ತಾರೂ ಪಟ್ಟಿಗಳು ಹೀಗೇ ಆಗಿದ್ದವು. ಲಾರಿ ಹೋದ ಮೇಲೆ ಮೇಜಿನಡಿ ಬಿದ್ದಿದ್ದ ಒಂದು ಹೆಚ್ಚಿನ ಪಟ್ಟಿಯನ್ನು ಮಗುಚಿ ನೋಡಿದಾಗ ಗೊತ್ತಾಯಿತಂತೆ. ಎರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

"ಅಕ್ಕ ನೋಡಿದ್ದು ಹದಿನಾಲ್ಕನೇ ಸಾಲು. ನಮ್ಮ ಟಿಕೆಟ್ ಇರೋದು ಹಿಂದಿನ ನಲವತ್ತೊಂದು" ಅಂದೆ.

"ಹೂಂ. ಅಲ್ಲಿ ಕೂತ್ರೆ ಅವಳಿಗೆ ನನ್ನ ಮುಖ ಇರಲಿ, ತಲೆ ಇದೆಯೋ ಇಲ್ವೋ ಗೊತ್ತಾಗಲ್ಲ."

"ಅಲ್ಲ ಭಾವ, ಇಪ್ಪತ್ತೈದು ವರ್ಷ ಕೆಲಸ ಮಾಡಿದವರು ನೀವು. ಇಂಥಾ ತಪ್ಪು ಹೇಗಾಯ್ತು?"

"ಆಯ್ತು. ಆಗಬಾರದಾ?" ರೇಗಿದರು.

"ಅಕ್ಕನಿಗೆ ಹೇಳಿಬಿಡಿ. ಬೇರೆ ಕಡೆ ನೋಡ್ತಾಳೆ."

"ಅವಳಿಗೆ ಮಾತ್ರ ಹೇಳಕೂಡದು. ನಿನ್ನ ದಮ್ಮಯ್ಯ."

"ಯಾಕೆ? ಮರ್ಯಾದೆ ಹೋಗುತ್ತೆ ಅಂತಾನಾ?"

ಭಾವ ದಾರದ ಉಂಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಹೂಂ. ಮರ್ಯಾದೆ" ಅಂದರು.

ಜಂಬ ಅಂದರೆ ಹೀಗಿರಬೇಕು ಎಂದು ನನಗೆ ಸಿಟ್ಟೇ ಬಂತು. ಆದರೂ ಉಪಾಯ ಹೂಡಿದೆವು. ಅಕ್ಕನ ಸಾಲು ಇರುವುದು ಮೊದಲ ಹಾಡಿನಲ್ಲೇ. ಬೇಗ ಹೋಗಿ ಹದಿನಾಲ್ಕನೇ ಸಾಲಿನ ಇಪ್ಪತ್ತನೇ ಕುರ್ಚಿಯಲ್ಲಿ ಕೂರುವುದು. ಆ ಕುರ್ಚಿಯವರು ಬಂದರೆ ಹತ್ತು ನಿಮಿಷ ಜಾಗ ಬದಲಾಯಿಸಿಕೊಳ್ಳಿ ಎಂದು ಕೈಮುಗಿಯುವುದು. ಕೈಮುಗಿದರೆ ಯಾರು ಇಲ್ಲ ಅನ್ನುತ್ತಾರೆ? ಉಪಾಯ ಚೆನ್ನಾಗಿಯೇ ಇತ್ತು. ಅದರಲ್ಲಿ ಇದ್ದ ದೋಷ ಒಂದೇ, ಅದನ್ನು ನಡೆಸಬೇಕಾಗಿದ್ದವರು ನಮ್ಮ ಭಾವ.

ಮರುದಿನ ಸಂಜೆ ಬಾಗಿಲು ತೆರೆಯುವ ಹೊತ್ತಿಗೆ ನಾವು ಮೂವರೂ ಮೆಟ್ಟಿಲ ಮೇಲಿದ್ದೆವು. ಹೆಡ್‌ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಪುಟ್ಟ ನೋಟ್‌ಬುಕ್ ಹಿಡಿದು ಬಂದಿದ್ದರು. ಟಿಕೆಟ್ ಹರಿಯುವವನಿಗೆ, "ಇವರು ಯಾರು ಗೊತ್ತೇನಪ್ಪಾ? ಇಲ್ಲಿನ ಎಲ್ಲಾ ಕುರ್ಚಿ ಹೊಲಿದವರು!" ಅಂದರು. ಬೇರೆ ದಿನವಾಗಿದ್ದರೆ ಭಾವ ಈ ಮಾತಿಗೆ ಎರಡಿಂಚು ಎತ್ತರವಾಗುತ್ತಿದ್ದರು. ಅವತ್ತು ಕುಗ್ಗಿ ನನ್ನ ಹಿಂದೆ ಅಡಗಿದರು.

"ಸುಮ್ನಿರಿ ಸಾರ್, ಯಾಕೆ ಅದೆಲ್ಲಾ."

"ನೋಡಿದ್ಯಾ, ಎಷ್ಟು ವಿನಯ!" ಅಂದರು ಮೇಷ್ಟ್ರು ನನಗೆ.

ಒಳಗೆ ಕಾಲಿಟ್ಟರೆ ಹೆಜ್ಜೆಯ ಸದ್ದೇ ಇಲ್ಲ, ಅಂಥಾ ದಪ್ಪ ಕಾರ್ಪೆಟ್ಟು. ಹಾಲಿನ ಸುತ್ತ ಬಳಸಿಕೊಂಡು ಹೋಗುವ ಉದ್ದನೆಯ ಓಣಿ, ಒಂದೇ ಥರದ ಇಪ್ಪತ್ತು ಬಾಗಿಲು. "ಹೀಗೆ ಬನ್ನಿ" ಎಂದು ಭಾವ ಮುಂದೆ ನಡೆದರು. ಮೊದಲ ಬಾಗಿಲು ತೆಗೆದರೆ ಪೊರಕೆ, ಬಕೆಟ್ಟು. ಎರಡನೆಯದರಲ್ಲಿ ವಿದ್ಯುತ್ ಪೆಟ್ಟಿಗೆಗಳು, ತಲೆಬುರುಡೆಯ ಚಿತ್ರ. ಮೂರನೆಯದು ಹೆಂಗಸರದ್ದು, ಅಲ್ಲಿಂದ ಬಂದ ಬೈಗುಳಕ್ಕೆ ನಾವು ಮೂವರೂ ಓಡಿದೆವು. ಓಡಿ ನಿಂತದ್ದು ಟಿಕೆಟ್ ಹರಿದವನ ಎದುರಿಗೇ.

"ಅಡುಗೆಮನೆ ಇದ್ದ ಹಾಗೆ ಅಂದಿದ್ರಲ್ಲಾ?" ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು.

"ನಾನು ಬಂದಾಗ ಬಾಗಿಲುಗಳು ಬೇರೆ ಕಡೆ ಇದ್ವು ಸಾರ್."

ಕೊನೆಗೆ ಟಿಕೆಟಿನವನೇ ಕೈಹಿಡಿದು ಹಾಲಿನೊಳಗೆ ಬಿಟ್ಟ. ಬಿಟ್ಟ ಜಾಗದಲ್ಲೇ ಭಾವ ನಿಂತುಬಿಟ್ಟರು. ಮೇಲಿನಿಂದ ಕೆಳಗಿನವರೆಗೆ, ಗೋಡೆಯಿಂದ ಗೋಡೆಯವರೆಗೆ, ಕಡು ಹಸಿರು ಕುರ್ಚಿಗಳು. ಐದು ತಿಂಗಳು ಒಂದೊಂದಾಗಿ ಕೈಯಡಿ ಹಾದುಹೋದದ್ದನ್ನು ಅವರು ಒಟ್ಟಿಗೆ ನೋಡಿದ್ದು ಅದೇ ಮೊದಲು. ಹತ್ತಿರದ ಕುರ್ಚಿಯ ಕೈಯನ್ನು ಮೆಲ್ಲನೆ ಹಿಚುಕಿದರು. "ಇಷ್ಟೊಂದಾ ಲೋ ನಾನು ಹೊಲಿದಿದ್ದು?" ಅಂದರು. ನನಗೆ ಹಿಂದಿನ ದಿನದ ಸಿಟ್ಟೆಲ್ಲ ಇಳಿದುಹೋಯಿತು.

"ಎರಡು ಸಾವಿರದ ಹದಿನಾರು" ಎಂದು ಮೇಷ್ಟ್ರು ಬರೆದುಕೊಂಡು ತಮ್ಮ ಹದಿನೈದನೇ ಸಾಲಿಗೆ ಹೋದರು. ನಾವು ಅದರ ಮುಂದಿನ ಸಾಲಿಗೆ. ಅಲ್ಲಿ ನೋಡಿದರೆ ಮೂವತ್ತಾರು ಕುರ್ಚಿಯ ಬೆನ್ನಿಗೂ "14" ಎಂದು ಬರೆದ ಬಿಳಿ ಕಾಗದ ಅಂಟಿಸಿದೆ. ಹಾಲಿನವರು ಪ್ರತಿ ಕಾರ್ಯಕ್ರಮದ ದಿನ ಅಂಟಿಸಿ, ಮುಗಿದ ಮೇಲೆ ಕಿತ್ತುಹಾಕುತ್ತಿದ್ದರು. ಅಭ್ಯಾಸದ ದಿನ ಅಂಟಿಸಿರಲಿಲ್ಲ. ಅದಕ್ಕೇ ಅಕ್ಕನಿಗೆ ಬರೀ ನಲವತ್ತೊಂದು ಕಂಡದ್ದು. ಭಾವ ಇಪ್ಪತ್ತರಲ್ಲಿ ಕೂತರು. ನಾನು ಪಕ್ಕದಲ್ಲಿ.

ಹಾಲು ತುಂಬುತ್ತಾ ಬಂತು. ನಾವು ಸಾಲಿನ ತುದಿಗೆ ಬರುವ ಒಬ್ಬೊಬ್ಬರನ್ನೂ ಕಳ್ಳರ ಹಾಗೆ ನೋಡುತ್ತಾ ಕೂತಿದ್ದೆವು. ಕೊನೆಗೆ ಬಂದರು ಇಪ್ಪತ್ತರವರು. ದಪ್ಪನೆಯ ಯಜಮಾನರು, ಸೊಂಟಕ್ಕೆ ಬೆಲ್ಟು, ಕಂಕುಳಲ್ಲಿ ಒಂದು ದಿಂಬು. ಹಿಂದೆ ಅವರ ಹೆಂಡತಿ.

"ಇದು ನಮ್ಮ ಜಾಗ."

ಈಗ ಕೈಮುಗಿಯಬೇಕಿತ್ತು. ನಾನು ಭಾವನ ಪಕ್ಕೆಗೆ ತಿವಿದೆ. ಭಾವ ಕೈಮುಗಿದರು ಕೂಡ. "ಸ್ವಾಮಿ, ಒಂದು ಹತ್ತು ನಿಮಿಷ ನಮ್ಮ ಜಾಗದಲ್ಲಿ ಕೂತ್ಕೊಳ್ತೀರಾ?"

"ಎಲ್ಲಿ ನಿಮ್ಮ ಜಾಗ?"

"ಅಲ್ಲಿ, ಹಿಂದೆ. ನಲವತ್ತೊಂದು."

"ನಾನಾ? ಈ ಸೊಂಟ ಇಟ್ಕೊಂಡು ಅಷ್ಟು ಮೆಟ್ಟಿಲು ಹತ್ತಬೇಕಾ? ಏಳ್ರೀ ಮೇಲೆ!"

ಯಾಕೆ ಎಂದು ಕಾರಣ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೆದರಿದಾಗ ನಮ್ಮ ಭಾವನಿಗೆ ಕಾರಣ ಹೊಳೆಯುವುದಿಲ್ಲ, ವಾದ ಹೊಳೆಯುತ್ತದೆ. "ಅಲ್ಲ ಸ್ವಾಮಿ, ಹಾಗೆ ನೋಡಿದ್ರೆ ಇದೇ ನಲವತ್ತೊಂದು!" ಎಂದು ಎದ್ದು ಬೆನ್ನಿನ ಕಾಗದವನ್ನು ಸರ್ರನೆ ಕಿತ್ತರು. ಅಡಿಯಲ್ಲಿ ಅಚ್ಚುಕಟ್ಟಾಗಿ 41.

ಯಜಮಾನರು ಬಗ್ಗಿ ನೋಡಿದರು. "ಹಾಗಾದ್ರೆ ಹದಿನಾಲ್ಕೆಲ್ಲಿ?" ಎಂದು ಹೆಂಡತಿಯನ್ನು ಕೇಳಿದರು. ಆಕೆ ತಮ್ಮ ಕುರ್ಚಿಯ ಕಾಗದವನ್ನೂ ಕಿತ್ತರು. ಅಲ್ಲೂ 41. "ಅಯ್ಯೋ, ನಾವು ಬೇರೆಯವರ ಸಾಲಲ್ಲಿದೀವಿ ಕಣ್ರೀ!" ಈ ಮಾತು ಆ ತುದಿಯಿಂದ ಈ ತುದಿಗೆ ಓಡಿತು. ಎಲ್ಲರೂ ಎದ್ದು ತಂತಮ್ಮ ಕುರ್ಚಿಯ ಕಾಗದ ಕೀಳತೊಡಗಿದರು. ಒಬ್ಬರು ಕಿತ್ತದ್ದನ್ನು ಟಿಕೆಟ್ಟಿಗೆ ಅಂಟಿಸಿ, ಈಗ ಸರಿಯಾಯಿತು ಎಂದು ಕೂತರು. ಒಬ್ಬ ಅಜ್ಜಿ, ನಾನು ಮನೆಗೇ ಹೋಗ್ತೀನಿ ಅಂದರು. ಮೂವತ್ತು ಜನ ಎದ್ದು ನಿಂತು, ಹದಿನಾಲ್ಕನೇ ಸಾಲನ್ನು ಹುಡುಕಿಕೊಡಿ ಎಂದು ಕೂಗಾಡತೊಡಗಿದರು. ನಮ್ಮ ಭಾವ ನಡುವೆ ನಿಂತು, "ಗಾಬರಿಯಾಗ್ಬೇಡಿ, ಎಲ್ಲಾ ಒಂದೇ ಥರ ಹೊಲಿಗೆ" ಎಂದು ಸಮಾಧಾನ ಮಾಡುತ್ತಿದ್ದರು.

ಟಾರ್ಚ್ ಹಿಡಿದು ಜಾಗ ತೋರಿಸುವ ಎತ್ತರದ ಹೆಂಗಸೊಬ್ಬಳು ಓಡಿ ಬಂದಳು. ಅವಳ ಹಿಂದೆ ಮ್ಯಾನೇಜರ್, ಕರಿ ಕೋಟು, ಬೆವರಿದ ಹಣೆ.

"ಯಾರ್ರೀ ಕಾಗದ ಕಿತ್ತಿದ್ದು?"

ಇಡೀ ಸಾಲು ಭಾವನ ಕಡೆ ಬೆರಳು ತೋರಿಸಿತು.

ಮ್ಯಾನೇಜರ್ ಹಣೆ ಒರೆಸಿಕೊಂಡರು. "ಎರಡು ವರ್ಷ ಆಯ್ತು ಸ್ವಾಮಿ. ಎರಡು ವರ್ಷದಿಂದ ಪ್ರತಿ ಕಾರ್ಯಕ್ರಮಕ್ಕೂ ಮೂವತ್ತಾರು ಕಾಗದ ನನ್ನ ಕೈಯಾರೆ ಅಂಟಿಸ್ತಿದೀನಿ. ಅಂಟಿಸೋಕೆ ಮುಂಚೆ ಒಂದು ಸಲ ಗಂಡ ಮುಂದಿನ ನಲವತ್ತೊಂದರಲ್ಲಿ, ಹೆಂಡತಿ ಹಿಂದಿನ ನಲವತ್ತೊಂದರಲ್ಲಿ ಕೂತು, ಕಾಣೆಯಾಗಿದ್ದಾರೆ ಅಂತ ಪೊಲೀಸ್ ಕರೆಸಿದ್ದಾರೆ ಇಲ್ಲಿ! ಆ ಗುತ್ತಿಗೆದಾರ ಊರು ಬಿಟ್ಟ. ಇದನ್ನ ಹೊಲಿದ ಪುಣ್ಯಾತ್ಮ ಯಾರು ಅಂತ ಒಂದು ಸಲ ಕಣ್ಣಲ್ಲಿ ನೋಡ್ಬೇಕು ಅನ್ನೋದೊಂದೇ ನನ್ನ ಆಸೆ."

ಹಿಂದಿನ ಸಾಲಿನಿಂದ ಹೆಡ್‌ಮೇಷ್ಟ್ರು ಎದ್ದು ನಿಂತರು. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು. "ನೋಡಿ, ಇವರೇ! ನಿಮ್ಮ ಎದುರಿಗೇ ಇದ್ದಾರೆ!"

ಆ ಕ್ಷಣದಲ್ಲಿ ಹೆಡ್‌ಮೇಷ್ಟ್ರನ್ನು ಅವರ ಯಾವ ಹಳೆಯ ವಿದ್ಯಾರ್ಥಿಯೂ ನೋಡದಷ್ಟು ದ್ವೇಷದಿಂದ ನಾನು ನೋಡಿದೆ.

"ಹೌದಾ?" ಅಂದರು ಮ್ಯಾನೇಜರ್.

"ಹೌದು" ಅಂದರು ಭಾವ, ಸಣ್ಣ ದನಿಯಲ್ಲಿ.

ಆಫೀಸಿಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ. ಆಮೇಲೆ ಟಾರ್ಚಿನ ಹೆಂಗಸು ಸಾಲಿನವರನ್ನೆಲ್ಲ ಮತ್ತೆ ಕೂರಿಸಿದಳಂತೆ. ಇಪ್ಪತ್ತರಲ್ಲಿ ದಪ್ಪನೆಯ ಯಜಮಾನರು ದಿಂಬು ಒತ್ತಿಕೊಂಡು ಕೂತರಂತೆ. ಆಫೀಸು ಕಿರಿದಾದ ಕೋಣೆ. ಮೇಜು, ಫೈಲುಗಳು, ಗೋಡೆಯ ಮೇಲೊಂದು ಸ್ಪೀಕರ್; ವೇದಿಕೆಯ ಮೇಲೆ ಏನು ನಡೆದರೂ ಅದರಲ್ಲಿ ಕೇಳಿಸುತ್ತದೆ. ಮ್ಯಾನೇಜರ್ ಒಂದು ಫಾರಂ ತೆಗೆದರು.

"ಸಾರ್, ಹತ್ತೇ ನಿಮಿಷ ಬಿಟ್ಟುಬಿಡಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ" ಅಂದರು ಭಾವ.

"ಎರಡು ವರ್ಷ ಕಾದಿದೀನಿ, ನೀವು ಹತ್ತು ನಿಮಿಷ ಕೂರಿ. ಯಾವಾಗ ಹೊಲಿದ್ರಿ ಹದಿನಾಲ್ಕನೇ ಸಾಲು?"

ಸ್ಪೀಕರಿನಲ್ಲಿ ಚಪ್ಪಾಳೆ ಕೇಳಿಸಿತು. ತಂಡ ವೇದಿಕೆಗೆ ಬಂದಿತ್ತು.

"ಮಾರ್ಚ್ ತಿಂಗಳು. ಎರಡನೇ ವಾರ" ಎಂದರು ಭಾವ ಅವಸರದಲ್ಲಿ.

ನಾನು ತಲೆಯೆತ್ತಿದೆ. ಮಾರ್ಚ್ ಎರಡನೇ ವಾರ ನನಗೆ ಚೆನ್ನಾಗಿ ನೆನಪಿದೆ. ಕತ್ತರಿ ಜಾರಿ ಭಾವನ ಬಲಗೈ ಹೆಬ್ಬೆರಳು ಸೀಳಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದವನೇ ನಾನು. ನಾಲ್ಕು ಹೊಲಿಗೆ. ಹತ್ತು ದಿನ ಅವರು ಅನ್ನವನ್ನೂ ಎಡಗೈಯಲ್ಲಿ ಚಮಚ ಹಿಡಿದು ತಿಂದಿದ್ದರು.

"ಭಾವ, ಆಗ ನಿಮ್ಮ ಕೈ..."

ಮೇಜಿನಡಿ ನನ್ನ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದರು ಅಂದರೆ ಇವತ್ತಿಗೂ ಅಲ್ಲಿ ಒಂದು ಗುರುತಿದೆ.

"ನಾನೇ ಸಾರ್ ಹೊಲಿದಿದ್ದು. ಬರ್ಕೊಳ್ಳಿ. ನನ್ನದೇ ತಪ್ಪು" ಅಂದರು ಭಾವ. ನನ್ನ ಕಡೆ ತಿರುಗಿ ಕಣ್ಣಲ್ಲೇ ಬೇಡಿಕೊಂಡರು.

ಆಗ ನನಗೆ ಎಲ್ಲ ಅರ್ಥವಾಯಿತು. ಆ ಹತ್ತು ದಿನ ಕೆಲಸ ನಿಲ್ಲಬಾರದೆಂದು ದಿನಾ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಮೇಲೆ ಯಂತ್ರದ ಮುಂದೆ ಕೂತವಳು ನಮ್ಮ ಅಕ್ಕ. ಮೂವತ್ತಾರು ಪಟ್ಟಿ, ಒಂದೊಂದರಲ್ಲೂ ಅಂಕಿಗಳನ್ನು ಸೀದಾ ಇಟ್ಟು, ಒಂದನ್ನೂ ಮಗುಚಿ ನೋಡದೆ ಕಟ್ಟು ಕಟ್ಟಿದವಳು ಅವಳೇ. "ನಾನಿಲ್ದಿದ್ರೆ ನಿಮ್ಮ ಹಾಲು ನಿಂತೇ ಹೋಗ್ತಿತ್ತು" ಎಂದು ಈಗಲೂ ಹೇಳುತ್ತಾಳೆ. ಮರ್ಯಾದೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ ಎಂದು ನಾನು ತಿಳಿದಿದ್ದ ಮನುಷ್ಯ, ಎರಡು ವರ್ಷ ಬಾಯಿ ಮುಚ್ಚಿದ್ದು ಅವಳ ಆ ಒಂದು ಮಾತು ಸುಳ್ಳಾಗಬಾರದೆಂದು. ನನಗೆ ಭಾವನ ಕಾಲಿಗೆ ಬೀಳೋಣ ಅನ್ನಿಸಿತು. ತೊಡೆ ಉರಿಯುತ್ತಿದ್ದುದರಿಂದ ಬಗ್ಗಲಾಗಲಿಲ್ಲ.

ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಎರಡು ತಿಂಗಳು ಕೇಳಿ ಕೇಳಿ ನಮಗಿಬ್ಬರಿಗೂ ಅದು ಬಾಯಿಪಾಠ. ಮೊದಲ ನುಡಿ ನದಿಯದು, ಎರಡನೆಯದು ದೋಣಿಯದು. ಆಮೇಲೆ ಅಕ್ಕ.

ನದಿ ಮುಗಿಯಿತು. "ವಿಳಾಸ?" ಅಂದರು ಮ್ಯಾನೇಜರ್.

"ಸಾರ್, ಈಗ ಹಾಡೋದು ನನ್ನ ಹೆಂಡತಿ. ನನ್ನ ಮುಖ ಕಾಣದಿದ್ರೆ ಅವಳಿಗೆ ದನಿ ಬರಲ್ಲ ಸಾರ್!" ಎಂದವರೇ ಭಾವ ಎದ್ದು ಓಡಿದರು. ಅಂತೂ ಕಾರಣ ಬಾಯಿಗೆ ಬಂತು, ಕೇಳುವವರನ್ನು ಬಿಟ್ಟು ಓಡುವಾಗ. ಹಿಂದೆ ನಾನು, ನನ್ನ ಹಿಂದೆ ಫಾರಂ ಹಿಡಿದ ಮ್ಯಾನೇಜರ್.

ಮತ್ತೆ ಅದೇ ಓಣಿ, ಅದೇ ಥರದ ಬಾಗಿಲುಗಳು. ಭಾವ ಒಂದನ್ನು ತಳ್ಳಿದರು. ಪೊರಕೆ, ಬಕೆಟ್ಟು! ಇನ್ನೊಂದು ತಳ್ಳಿದರು, ಬೀಗ. ಒಳಗೆ ದೋಣಿಯ ನುಡಿ ಮುಗಿದು ಎಲ್ಲ ದನಿಗಳೂ ಇಳಿಯುತ್ತಿದ್ದವು. ಮೂರನೆಯದನ್ನು ಹೆಗಲು ಕೊಟ್ಟು ನೂಕಿದರು, ಅದು ತೆರೆದುಕೊಂಡಿತು. ಹೋಗಿ ಬಿದ್ದ ಜಾಗ ಹದಿನಾಲ್ಕನೇ ಸಾಲೂ ಅಲ್ಲ, ನಲವತ್ತೊಂದೂ ಅಲ್ಲ. ವೇದಿಕೆಯ ಬುಡ. ಎದುರಿಗೆ ಎರಡು ಸಾವಿರ ಜನ, ಬೆನ್ನಿಗೆ ನೂರಿಪ್ಪತ್ತು ಹಾಡುವವರು.

ಹಾಲೆಲ್ಲ ಕತ್ತಲೆ. ವೇದಿಕೆಯ ಮೇಲೆ ಅಕ್ಕ ಒಂದು ಹೆಜ್ಜೆ ಮುಂದೆ ನಿಂತಿದ್ದಳು. ಕಣ್ಣು ಹದಿನಾಲ್ಕನೇ ಸಾಲಿನ ಮೇಲೆ. ಅಲ್ಲಿದ್ದದ್ದು ದಪ್ಪನೆಯ ಯಜಮಾನರು ಮತ್ತು ಅವರ ದಿಂಬು. ಟೀಚರ್ ಕೈಯೆತ್ತಿದರು. ಅಕ್ಕ ಬಾಯಿ ತೆರೆದಳು, ದನಿ ಬರಲಿಲ್ಲ. ವಾದ್ಯದವರು ಆ ತುಣುಕನ್ನು ಇನ್ನೊಮ್ಮೆ ನುಡಿಸಿದರು. ಟೀಚರ್ ಮತ್ತೆ ಕೈಯೆತ್ತಿದರು, ಪಕ್ಕದ ನರ್ಸ್ ಉಸಿರೆಳೆದುಕೊಂಡಳು.

ಅಷ್ಟರಲ್ಲಿ ಟಾರ್ಚಿನ ಹೆಂಗಸಿಗೆ ವೇದಿಕೆಯ ಬುಡದಲ್ಲಿ ಯಾರೋ ನುಗ್ಗಿದ್ದು ಕಂಡಿತು. ಅವಳ ಕೆಲಸ ಅವಳು ಮಾಡಿದಳು. ಟಾರ್ಚಿನ ಬೆಳಕನ್ನು ನೇರ ಬಿಟ್ಟಳು. ಆಗಷ್ಟೇ ವೇದಿಕೆಯ ಕಡೆ ತಿರುಗಿದ್ದ ನಮ್ಮ ಭಾವನ ಮುಖ, ಕೆದರಿದ ಕೂದಲು, ಬೆವರು, ಬಿಟ್ಟ ಬಾಯಿಯ ಸಮೇತ, ಆ ಕತ್ತಲೆಯಲ್ಲಿ ಫಳಾರನೆ ಬೆಳಗಿತು.

ಅಕ್ಕ ನೋಡಿದಳು. ತುಟಿಯಂಚಿನಲ್ಲಿ ನಗು ಬಂತು.

"ಕಾದಿರುವೆ ದಡದಲ್ಲಿ, ಒಮ್ಮೆ ಮುಖವ ತೋರು..."

ಮೂರನೇ ಮಹಡಿಯ ರೋಗಿಯನ್ನು ಎಬ್ಬಿಸುತ್ತಿದ್ದ ದನಿ ಅದು. ಎರಡು ಸಾವಿರ ಜನರೂ ಉಸಿರು ಬಿಗಿಹಿಡಿದು ಕೂತರು. ಟಾರ್ಚಿನ ಹೆಂಗಸು ಆರಿಸುವುದನ್ನೇ ಮರೆತಳು. ಮ್ಯಾನೇಜರ್ ಫಾರಂ ಮಡಿಚಿ, ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತುಬಿಟ್ಟರು. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಕಾರ್ಯಕ್ರಮ ಮುಗಿದ ಮೇಲೆ ದಪ್ಪನೆಯ ಯಜಮಾನರು ಭಾವನನ್ನು ಹುಡುಕಿಕೊಂಡು ಬಂದರು. "ನಿಮ್ಮ ಹೆಂಡತಿನಾ ಹಾಡಿದ್ದು? ಮೊದಲೇ ಒಂದು ಮಾತು ಹೇಳಬಾರದೇನ್ರೀ, ಎದ್ದು ಕೊಡ್ತಿದ್ದೆನಲ್ಲ!" ಎಂದು ಬೈದರು. ಮ್ಯಾನೇಜರ್ ಹೆಚ್ಚೇನೂ ಹೇಳಲಿಲ್ಲ. "ಮೂವತ್ತಾರು ಪಟ್ಟಿ. ಮುಂದಿನ ಶನಿವಾರದೊಳಗೆ" ಎಂದು, ಸ್ವಲ್ಪ ತಡೆದು, "ಅವರಿಗೆ ನನ್ನ ನಮಸ್ಕಾರ ಹೇಳಿ" ಅಂದರು.

ಹೆಡ್‌ಮೇಷ್ಟ್ರು ಇದ್ದ ಮೇಲೆ ಸುದ್ದಿ ಓಣಿಗೆ ಹಬ್ಬಲು ಹೊತ್ತು ಬೇಕೇ? ಮರುದಿನ ಬೆಳಗ್ಗೆ ಮನೆಗೆ ಹಾಲು ಹಾಕುವವಳು ಕೂಡ ಭಾವನಿಗೆ ಹದಿನಾಲ್ಕು ಬರೆಯಲು ಹೇಳಿಕೊಟ್ಟು ಹೋದಳು. ಅಕ್ಕನಂತೂ ಇಡೀ ದಿನ ಬಿಡಲಿಲ್ಲ.

"ಇಪ್ಪತ್ತೈದು ವರ್ಷ ಸೂಜಿ ಹಿಡಿದವರು! ಹದಿನಾಲ್ಕಕ್ಕೂ ನಲವತ್ತೊಂದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಮಗೆ? ನಿಮ್ಮಿಂದ ನನ್ನ ಗಂಟಲೇ ಹೋಗ್ತಿತ್ತಲ್ರೀ ನೆನ್ನೆ!"

"ಏನೋ ಕಣೇ, ಕಣ್ಣು ಮಂಜಾಗಿತ್ತು ಅನ್ಸುತ್ತೆ" ಅಂದರು ಭಾವ.

"ನಾನೂ ಹೊಲಿದೆನಲ್ಲ, ನಿಮ್ಮ ಕೈಗೆ ಪೆಟ್ಟಾದಾಗ ಯಾವುದೋ ಒಂದು ಸಾಲು ಪೂರ್ತಿ. ಒಂದಾದ್ರೂ ತಪ್ಪು ಬಂತಾ? ಹೇಳಿ ನೋಡೋಣ, ಬಂತಾ?"

ನಾನು ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡತೊಡಗಿದೆ.

"ಇಲ್ಲ. ನಿನ್ನ ಸಾಲು ಮಾತ್ರ ಹೂವಿನ ಹಾಗಿತ್ತು" ಅಂದರು ಭಾವ.

"ಮತ್ತೆ! ಸರೀರಿ ಆ ಕಡೆ. ಈ ಮೂವತ್ತಾರನ್ನೂ ನಾನೇ ಹೊಲಿದುಕೊಡ್ತೀನಿ. ನಿಮ್ಮನ್ನ ನಂಬಿದ್ರೆ ಇನ್ನೊಂದು ಹಾಲು ಕೆಡುತ್ತೆ" ಎಂದು ಅಕ್ಕ ಯಂತ್ರದ ಮುಂದೆ ಕೂತು, ಹಸಿರು ಪಟ್ಟಿಯನ್ನು ಬೋರಲು ಹಾಕಿ, ಒಂದನ್ನು ಎಡಕ್ಕೆ, ನಾಲ್ಕನ್ನು ಬಲಕ್ಕೆ ಸೀದಾ ಇಟ್ಟಳು.

ಭಾವ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಹೊಲಿ ಕಣೇ, ನಿಧಾನವಾಗಿ ಹೊಲಿ" ಎಂದು ಭಾವ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, "ನೀನು ಕೆಲಸಕ್ಕೆ ಹೋದ ಮೇಲೆ ನಾನು ಬರೀ ದಾರದ ತುದಿ ಕತ್ತರಿಸಿ ಇಡ್ತೀನಿ" ಅಂದರು.